ನೋವು ಕೊಡದೆ ಸವೆಯುವ ಮೂತ್ರಪಿಂಡ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಿಂದ ಒಂದು ನೋಟ

ತುಳುವರ ಪಗ್ಗು ತಿಂಗಳ ಬಿಸಿಲು. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯ ಹಳ್ಳಿಯೊಂದರ ಶಾಲೆಯ ಜಗಲಿಯಲ್ಲಿ ಆರೋಗ್ಯ ಶಿಬಿರ ನಡೆದಿತ್ತು. ಹೆಸರು, ವಯಸ್ಸು ಬರೆದುಕೊಳ್ಳುವ ಕೆಲಸ ನನ್ನದು. ನನ್ನ ದೊಡ್ಡಮ್ಮ ಬಂದದ್ದು ಬಿಪಿ ನೋಡಿಸಿಕೊಂಡು ಹೋಗಲಿಕ್ಕೆ. ನರ್ಸ್ ಅವರ ಕೈಗೊಂದು ಸಣ್ಣ ಡಬ್ಬಿ ಕೊಟ್ಟು ಮೂತ್ರವನ್ನೂ ತರಲು ಹೇಳಿದರು. ಅದರಲ್ಲಿ ಬೆರಳಗಲಕ್ಕೂ ಕಿರಿದಾದ ಒಂದು ಪಟ್ಟಿಯನ್ನು ಅದ್ದಿ ತೆಗೆದರು. ಪಟ್ಟಿಯ ಮೇಲಿದ್ದ ಹಳದಿ ಚೌಕ ನೋಡನೋಡುತ್ತ ಹಸಿರಿಗೆ ತಿರುಗಿತು. ಪಟ್ಟಿಗಳ ಬಾಟಲಿಯ ಮೇಲೆ ಅಚ್ಚು ಹಾಕಿದ್ದ ಬಣ್ಣಗಳ ಸಾಲಿಗೆ ಅದನ್ನು ಹಿಡಿದು ನೋಡಿ, ‘ಎರಡು ಪ್ಲಸ್ ಅಂತ ಬರೀರಿ’ ಎಂದರು.

‘ಎಂತ ಅದು?’ ದೊಡ್ಡಮ್ಮ ಕೇಳಿದರು.

‘ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಉಂಟಮ್ಮ. ಕಿಡ್ನಿ ಒಮ್ಮೆ ನೋಡಿಸಬೇಕು.’

‘ನನಗೆ ಏನೂ ತೊಂದರೆಯೇ ಇಲ್ಲವಲ್ಲ ಮಗಾ.’

ದೊಡ್ಡಮ್ಮ ಹೇಳಿದ್ದು ನಿಜ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಎಷ್ಟು ಜನರಿಗಿದೆ ಎಂದು ಎಣಿಸಲು ಹೊರಟವರೆಲ್ಲ ಮೊದಲು ಎದುರಿಸುವುದು ಇದೇ ಮಾತನ್ನು. ಹಲ್ಲು ಹುಳುಕಾದರೆ ನೋಯುತ್ತದೆ, ಎದೆಯಲ್ಲಿ ರಕ್ತನಾಳ ಕಟ್ಟಿದರೆ ಬೆವರಿಳಿಯುತ್ತದೆ. ಮೂತ್ರಪಿಂಡ ಮಾತ್ರ ತನ್ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡ ಮೇಲೂ ಸುಮ್ಮನಿರುತ್ತದೆ. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜಾಲರಿಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರನ್ನಷ್ಟೇ ಹೊರಗೆ ಕಳಿಸುತ್ತವೆ. ಕೆಲವು ಜಾಲರಿ ಹಾಳಾದರೆ ಉಳಿದವು ಅವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಹೊರೆ ಹೆಚ್ಚಾಗಿ ಅವೂ ಬೇಗ ಸವೆಯುತ್ತವೆ. ಮುಖ ಊದಿ, ಕಾಲು ಬಾತು, ಊಟ ಸೇರದೆ ವಾಂತಿ ಶುರುವಾದಾಗ ಮನೆಯವರು ‘ಕಿಡ್ನಿ ಫೇಲ್ ಆಯ್ತಂತೆ’ ಎನ್ನುತ್ತಾರೆ. ಅದು ಆ ದಿನ ಆದದ್ದಲ್ಲ, ಹತ್ತು ಹದಿನೈದು ವರ್ಷಗಳಿಂದ ಆಗುತ್ತ ಬಂದದ್ದು.

ಹಾಗಾದರೆ ಎಷ್ಟು ಜನರಿಗಿದೆ? ಉತ್ತರ ಅಳೆಯುವ ಕೋಲನ್ನು ಅವಲಂಬಿಸಿದೆ. 2002ರಲ್ಲಿ ಅಮೆರಿಕದ ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನ ಕೊಟ್ಟ ವ್ಯಾಖ್ಯೆಯನ್ನೇ ಇಂದಿಗೂ ಜಗತ್ತು ಬಹುಪಾಲು ಅನುಸರಿಸುತ್ತಿದೆ. ಸೋಸುವ ವೇಗ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗಿಳಿದಿರಬೇಕು, ಇಲ್ಲವೇ ಮೂತ್ರದಲ್ಲಿ ಪ್ರೋಟೀನ್ ಸೋರುವಂಥ ಹಾನಿಯ ಗುರುತಿರಬೇಕು. ಎರಡರಲ್ಲಿ ಯಾವುದೇ ಆಗಲಿ, ಮೂರು ತಿಂಗಳಾದರೂ ಮುಂದುವರಿದಿರಬೇಕು. ಕೊನೆಯ ಈ ಷರತ್ತು ಬಹಳ ಮುಖ್ಯ. ಜ್ವರ ಬಂದಾಗ, ಬಿಸಿಲಲ್ಲಿ ದುಡಿದು ನೀರು ಕುಡಿಯದಿದ್ದಾಗ ಯಾರ ಮೂತ್ರದಲ್ಲೂ ಒಂದಿಷ್ಟು ಪ್ರೋಟೀನ್ ಕಾಣಬಹುದು. ಆದರೂ ಎಷ್ಟೋ ಸಮೀಕ್ಷೆಗಳು ಒಂದೇ ಸಲ ರಕ್ತ ತೆಗೆದು, ಒಂದೇ ಸಲ ಮೂತ್ರ ನೋಡಿ ಲೆಕ್ಕ ಮುಗಿಸುತ್ತವೆ. ಅಂಥ ಕಡೆ ಸಂಖ್ಯೆ ಉಬ್ಬುತ್ತದೆ.

ನಮಗೆ ತೀರ ಹತ್ತಿರದ ಲೆಕ್ಕ ಸಿಗುವುದು ಘಟ್ಟದ ಆಚೆ, ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಿಂದ. ಅಲ್ಲಿ ‘ಕಿಡ್ಸ್’ ಹೆಸರಿನ ಯೋಜನೆಯಲ್ಲಿ ಎರಡು ಸಾವಿರಕ್ಕೂ ತುಸು ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಸೂತ್ರದ ಪ್ರಕಾರ ಶೇ 6.3 ಜನರಿಗೆ ಕಾಯಿಲೆ. ಅದೇ ಜನ, ಅದೇ ರಕ್ತ. ಸೋಸುವ ವೇಗವನ್ನು ಇನ್ನೊಂದು ಸೂತ್ರದಲ್ಲಿ ಲೆಕ್ಕ ಹಾಕಿದಾಗ ಶೇ 16 ದಾಟಿತು. ಇದಕ್ಕೆ ಒಂದು ವರ್ಷ ಮೊದಲು ಬಂದ ‘ಸೀಕ್ ಇಂಡಿಯಾ’ ಸಮೀಕ್ಷೆ ದೇಶದ ಹಲವು ಊರುಗಳ 5588 ಜನರನ್ನು ನೋಡಿ ಶೇ 17.2 ಎಂದಿತ್ತು. ಆದರೆ ಆ ಸರಾಸರಿಯ ಒಳಗೆ ವಿಶಾಖಪಟ್ಟಣದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿದ್ದರೆ, ಮೈಸೂರು, ಬೆಂಗಳೂರುಗಳಲ್ಲಿ ನಾಲ್ಕರ ಆಸುಪಾಸು. ಇಷ್ಟು ಅಂತರವಿರುವಲ್ಲಿ ‘ಭಾರತದಲ್ಲಿ ಇಷ್ಟು’ ಎಂದು ಒಂದೇ ಸಂಖ್ಯೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ರೋಗಗಳ ಜಾಗತಿಕ ಹೊರೆಯ ಅಧ್ಯಯನ 2017ರಲ್ಲಿ ಜಗತ್ತಿನ ಸುಮಾರು 70 ಕೋಟಿ ಜನರಿಗೆ, ಅವರಲ್ಲಿ ಭಾರತದ ಸುಮಾರು 11.5 ಕೋಟಿ ಜನರಿಗೆ ಈ ಕಾಯಿಲೆ ಇದೆ ಎಂದು ಅಂದಾಜಿಸಿತು.

ಕೋಟಿಗಳ ಲೆಕ್ಕ ಮನಸ್ಸಿಗೆ ಹತ್ತುವುದಿಲ್ಲ, ನೂರು ಮನೆಯ ಒಂದು ಹಳ್ಳಿಯನ್ನೇ ಕಣ್ಣ ಮುಂದೆ ತಂದುಕೊಳ್ಳೋಣ. ಮನೆಗೆ ಮೂವರಂತೆ ಮುನ್ನೂರು ವಯಸ್ಕರು. ಶಿವಮೊಗ್ಗದ ಕಡಿಮೆ ಲೆಕ್ಕ ಹಿಡಿದರೆ ಹತ್ತೊಂಬತ್ತು ಜನ, ಸೀಕ್ ಲೆಕ್ಕ ಹಿಡಿದರೆ ಐವತ್ತೆರಡು. ಸತ್ಯ ಎಲ್ಲೇ ಇರಲಿ, ಆ ಊರಿನಲ್ಲಿ ಡಯಾಲಿಸಿಸ್‌ಗೆ ಹೋಗುವವರೆಂದು ಎಲ್ಲರಿಗೂ ಗೊತ್ತಿರುವುದು ಒಬ್ಬರೋ ಇಬ್ಬರೋ. ಉಳಿದವರು ತೋಟದಲ್ಲಿ, ಅಂಗಡಿಯಲ್ಲಿ, ಬೀಡಿ ಮೊರದ ಮುಂದೆ ಎಂದಿನಂತೆ ಇದ್ದಾರೆ.

ಅಪಾಯಕ್ಕೆ ದೂಡುವುದು ಏನು ಎಂದು ಕೇಳಿದರೆ ನಮ್ಮಲ್ಲಿ ಮೊದಲು ಬರುವ ಉತ್ತರ ‘ನೀರು’. ಬೋರ್‌ವೆಲ್ ನೀರು ಕುಡಿದು ಹೀಗಾಯಿತು ಎನ್ನುತ್ತಾರೆ. ಮೂತ್ರದಲ್ಲಿ ಕಲ್ಲಾಗುವುದನ್ನೂ ಮೂತ್ರಪಿಂಡ ಸವೆಯುವುದನ್ನೂ ಒಂದೇ ಎಂದು ತಿಳಿದದ್ದರಿಂದ ಬಂದ ಮಾತಿದು. ಕಲ್ಲು ದಾರಿ ಕಟ್ಟಿ ಬಹುಕಾಲ ನಿಂತರೆ ಮೂತ್ರಪಿಂಡ ಕೆಡುವುದು ಹೌದು, ಆದರೆ ಹೆಚ್ಚಿನವರ ಕಥೆ ಅದಲ್ಲ. ದೇಶದ ಕಿಡ್ನಿ ರೋಗಿಗಳ ದಾಖಲೆ 2012ರಲ್ಲಿ 52 ಸಾವಿರಕ್ಕೂ ಹೆಚ್ಚು ಜನರ ವಿವರ ಒಟ್ಟುಮಾಡಿ ಪ್ರಕಟಿಸಿತು. ಶೇ 31 ಮಂದಿಗೆ ಮೂಲ ಸಕ್ಕರೆ ಕಾಯಿಲೆ. ಶೇ 14 ಮಂದಿಗೆ ಜಾಲರಿಯ ಉರಿಯೂತ, ಶೇ 13 ಮಂದಿಗೆ ರಕ್ತದೊತ್ತಡ. ಶೇ 16 ಮಂದಿಯಲ್ಲಿ ಕಾರಣವೇ ಪತ್ತೆಯಾಗಲಿಲ್ಲ. ಶಿವಮೊಗ್ಗದ ಹಳ್ಳಿಗಳಲ್ಲೂ ಕಾಯಿಲೆಯ ಜೊತೆ ಕಂಡದ್ದು ವಯಸ್ಸು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಧೂಮಪಾನ.

ಅಂದರೆ ನಮ್ಮ ದೊಡ್ಡ ಶತ್ರುಗಳು ಎಲ್ಲರಿಗೂ ಹೆಸರು ಗೊತ್ತಿರುವ ಬಿಪಿ ಮತ್ತು ಶುಗರ್. ಐಸಿಎಂಆರ್ ನಡೆಸಿದ ದೇಶವ್ಯಾಪಿ ಅಧ್ಯಯನದ 2023ರ ವರದಿಯಂತೆ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 35.5 ಮಂದಿಗೆ ರಕ್ತದೊತ್ತಡ. ಹೆಸರು ಗೊತ್ತಿರುವುದರಿಂದಲೇ ಅವುಗಳ ಭಯ ಹೋಗಿಬಿಟ್ಟಿದೆ. ‘ತಲೆ ತಿರುಗಿದ ದಿವಸ ಮಾತ್ರೆ ತಗೊಳ್ತೇನೆ’ ಎಂದು ದೊಡ್ಡಮ್ಮನೂ ಹೇಳಿದರು. ತಲೆ ತಿರುಗದ ದಿನಗಳಲ್ಲೂ ಆ ಒತ್ತಡ ಜಾಲರಿಯ ಮೇಲೆ ಬೀಳುತ್ತಲೇ ಇರುತ್ತದೆ. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ, ಮಳೆಗಾಲಕ್ಕೆ ಒಣಮೀನು, ಭರಣಿಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ ನಮ್ಮ ಬಡತನದ ದಿನಗಳನ್ನು ದಾಟಿಸಿದ ಊಟ. ಅದನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಒಂದು ಚಹಾ ಚಮಚಕ್ಕಿಂತ ತುಸು ಕಡಿಮೆ ಉಪ್ಪು ತೆಗೆದುಕೊಂಡರೆ ಅಷ್ಟೇ, ಅದರಲ್ಲಿ ಸಾಂಬಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಆಗಬೇಕು.

ಈ ಮೂರು ತಾಲೂಕಿಗೆ ವಿಶೇಷವಾಗಿ ಅನ್ವಯಿಸುವ ಅಪಾಯಗಳೂ ಇವೆ. ಆ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಒಂದು ನೋವಿನ ಮಾತ್ರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಲೆಕ್ಕವಿಲ್ಲದಷ್ಟು ಮನೆಗಳನ್ನು ಹೆಂಗಸರು ಬೀಡಿ ಕಟ್ಟಿ ನಡೆಸಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ದೊಡ್ಡಮ್ಮ ಹದಿನೆಂಟರ ಪ್ರಾಯಕ್ಕೆ ಮೊರ ಮಡಿಲಿಗಿಟ್ಟುಕೊಂಡವರು, ಈಗ ಐವತ್ತೆಂಟು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ತುದಿ ಮಡಚುವ ಕೆಲಸ ಬೆನ್ನು ಬಗ್ಗಿಸಿ ಕೂತೇ ಆಗಬೇಕು. ಕಟ್ಟಿದ ಬೀಡಿ ಬ್ರಾಂಚಿಗೆ ಕೊಡುವ ಹೊತ್ತು ಹತ್ತಿರವಾದರೆ ನೀರಿಗೂ ಏಳುವುದಿಲ್ಲ, ಮೂತ್ರಕ್ಕೂ ಏಳುವುದಿಲ್ಲ. ಸಂಜೆ ಸೊಂಟ ಹಿಡಿಯುತ್ತದೆ. ಮೆಡಿಕಲ್‌ನಲ್ಲಿ ‘ಬೆನ್ನು ನೋವಿಗೆ ಒಂದು ಮಾತ್ರೆ’ ಎಂದರೆ ಚೀಟಿ ಕೇಳದೆ ಕೊಡುತ್ತಾರೆ. ದೊಡ್ಡಮ್ಮನ ಸೆರಗಿನ ಗಂಟಿನಲ್ಲಿ ಚಿಲ್ಲರೆಯ ಜೊತೆ ಅರ್ಧ ಖಾಲಿಯಾದ ಒಂದು ಪಟ್ಟಿ ಡೈಕ್ಲೋಫಿನಾಕ್ ಯಾವಾಗಲೂ ಇರುತ್ತಿತ್ತು. ಎಷ್ಟು ವರ್ಷದಿಂದ ಎಂದು ಕೇಳಿದೆ. ‘ನಿನ್ನ ಅಕ್ಕನ ಮದುವೆಗೂ ಮೊದಲಿನಿಂದ’ ಎಂದರು. ಅಕ್ಕನ ಮಗ ಈಗ ಕಾಲೇಜಿನಲ್ಲಿದ್ದಾನೆ.

ಡೈಕ್ಲೋಫಿನಾಕ್, ಐಬುಪ್ರೊಫೆನ್, ಅಸಿಕ್ಲೋಫಿನಾಕ್, ನಿಮೆಸುಲೈಡ್ ಎಲ್ಲ ಒಂದೇ ಕುಲದವು. ಮೂತ್ರಪಿಂಡಕ್ಕೆ ರಕ್ತ ತರುವ ಕಿರುನಾಳವನ್ನು ತೆರೆದಿಡುವ ರಾಸಾಯನಿಕವನ್ನು ಇವು ತಡೆಯುತ್ತವೆ. ಚೆನ್ನಾಗಿ ನೀರು ಕುಡಿಯುವ, ಆರೋಗ್ಯವಂತ ಮನುಷ್ಯನಿಗೆ ಎರಡು ದಿನ ತೆಗೆದುಕೊಂಡರೆ ತೊಂದರೆ ಆಗಲಿಕ್ಕಿಲ್ಲ. ಆದರೆ ದೇಹ ಒಣಗಿದ್ದಾಗ, ಬಿಪಿಯ ಕೆಲವು ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಇದೂ ಸೇರಿದಾಗ ಮೂತ್ರಪಿಂಡಕ್ಕೆ ರಕ್ತವೇ ಸಾಲದಾಗುತ್ತದೆ. ಅಡಿಕೆ ಕೊನೆ ಕೊಯ್ಯುವವರು, ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವವರು, ರಬ್ಬರ್ ಟ್ಯಾಪಿಂಗ್ ಮಾಡುವವರು ಎಲ್ಲರ ಬೆನ್ನೂ ನೋಯುತ್ತದೆ, ಎಲ್ಲರಿಗೂ ಅದೇ ಮಾತ್ರೆ ಗೊತ್ತು. ಜಿಲ್ಲೆಯಲ್ಲಿ ಒಂದೇ ಒಂದು ವಿಷಯದ ಬಗ್ಗೆ ಜಾಗೃತಿ ಮಾಡಲು ಅವಕಾಶ ಸಿಕ್ಕಿದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಇನ್ನೊಂದು ಹಿತ್ತಲಿನ ಗಿಡ. ನಮ್ಮಲ್ಲಿ ಬಿಂಬುಳಿ ಮರವಿಲ್ಲದ ಹಿತ್ತಲು ಅಪರೂಪ. ಮೀನಿನ ಸಾರಿಗೆ ನಾಲ್ಕು ಕಾಯಿ ಹಾಕಿದರೆ ಚಿಂತೆಯಿಲ್ಲ. ಕೊಲೆಸ್ಟರಾಲ್ ಇಳಿಯುತ್ತದೆ, ಶುಗರ್ ಇಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿಯುವುದು ಬೇರೆ. ಕೇರಳದಲ್ಲಿ ಹಾಗೆ ಕುಡಿದ ಹತ್ತು ಜನರ ಮೂತ್ರಪಿಂಡ ಹಠಾತ್ತನೆ ಕೆಟ್ಟದ್ದನ್ನು ಅಲ್ಲಿನ ವೈದ್ಯರು 2013ರಲ್ಲಿ ವರದಿ ಮಾಡಿದರು. ಹೆಚ್ಚಿನವರಿಗೆ ಡಯಾಲಿಸಿಸ್ ಬೇಕಾಯಿತು. ಬಿಂಬುಳಿಯಲ್ಲಿ ಆಕ್ಸಲೇಟ್ ಬಹಳ, ಅದು ಹರಳಾಗಿ ಜಾಲರಿಯ ಕೊಳವೆಗಳಲ್ಲಿ ಕೂರುತ್ತದೆ. ಅದರ ದಾಯಾದಿಯಾದ ದಾರೆಹುಳಿಯಲ್ಲಿ ಆಕ್ಸಲೇಟಿನ ಜೊತೆ ನರಗಳಿಗೆ ವಿಷವಾಗುವ ಇನ್ನೊಂದು ವಸ್ತುವೂ ಇದೆ. ಸರಿಯಿರುವ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಕಾಯಿಲೆ ಮುಂದುವರಿದವರಿಗೆ ಒಂದೇ ಹಣ್ಣಿನಿಂದ ಬಿಡದ ಬಿಕ್ಕಳಿಕೆ ಶುರುವಾಗಿ, ಗೊಂದಲ, ಅಪಸ್ಮಾರದವರೆಗೆ ಹೋದದ್ದುಂಟು.

ಈಶ್ವರಿ ಬಳ್ಳಿಯ ಬೇರಿನ ಬಗ್ಗೆ ಬರೆಯುವಾಗ ನನಗೆ ಅಳುಕಿದೆ, ಯಾಕೆಂದರೆ ಅದು ವಿಷಕ್ಕೆ ಮದ್ದೆಂದು ನಂಬಿಕೆಯಿಂದ ಬಳಸುತ್ತ ಬಂದ ಬೇರು. ಆದರೆ ಆ ಸಸ್ಯಕುಲದಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಗಟ್ಟಿಯಾಗಿಸಿ, ಮೂತ್ರನಾಳದ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಈಗ ಸಂದೇಹವಿಲ್ಲ. 1990ರ ದಶಕದ ಮೊದಲಿಗೆ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮದ್ದಿನಲ್ಲಿ ಅದೇ ಕುಲದ ಗಿಡ ಸೇರಿಕೊಂಡು ಎಷ್ಟೋ ಹೆಂಗಸರು ಮೂತ್ರಪಿಂಡ ಕಳೆದುಕೊಂಡರು. ಆಟಿ ಅಮಾವಾಸ್ಯೆಯ ಮುಂಜಾವ ಹಾಲೆಮರದ ತೊಗಟೆ ತರುವವರಿಗೆ ಮರ ತಪ್ಪಬಾರದು, ಕಾಸರ್ಕದ ತೊಗಟೆಯಾದರೆ ಪ್ರಾಣ ಹೋಗುತ್ತದೆ ಎಂದು ಹಿರಿಯರು ಮತ್ತೆ ಮತ್ತೆ ಹೇಳುತ್ತಾರೆ. ಮದ್ದಿನ ಗಿಡದಲ್ಲಿ ವಿಷವೂ ಇರುತ್ತದೆಂಬ ಆ ಎಚ್ಚರ ತುಳುನಾಡಿಗೆ ಹೊಸದೇನಲ್ಲ. ಅದೇ ಎಚ್ಚರವನ್ನು ಈ ಬೇರಿಗೂ, ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಭಸ್ಮಗಳಿಗೂ ತೋರಿಸಬೇಕು.

ಮಳೆಗಾಲದ ಇಲಿಜ್ವರ, ತೋಟದ ಹಾವು ಕೂಡ ಈ ಲೆಕ್ಕಕ್ಕೆ ಬರುತ್ತವೆ. ಕೆಸರು ಗದ್ದೆಯಲ್ಲಿ, ಅಡಿಕೆ ತೋಟದ ತೋಡಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಕಾಲಿನ ಗಾಯದಿಂದ ಸೋಂಕು ಸೇರಿ ಮೂತ್ರಪಿಂಡ ನಾಲ್ಕೈದು ದಿನದಲ್ಲಿ ನಿಂತುಹೋಗಬಹುದು. ಕೊಳಕುಮಂಡಲ ಕಚ್ಚಿದರೂ ಹಾಗೆಯೇ. ಚಾರ್ಮಾಡಿ, ಕುದುರೆಮುಖದ ಬುಡದಲ್ಲಿರುವ ಬೆಳ್ತಂಗಡಿಯ ಕಡೆ ಮೂಗಿನ ತುದಿ ಮೇಲೆದ್ದ ಸಣ್ಣ ಮಂಡಲವೂ ಉಂಟು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ಅದರ ವಿಷಕ್ಕೆ ನಾಟುವುದಿಲ್ಲ. ಇಂಥವರಲ್ಲಿ ಹೆಚ್ಚಿನವರು ಚೇತರಿಸಿಕೊಂಡು ಮನೆಗೆ ಬರುತ್ತಾರೆ, ‘ಗುಣವಾಯಿತು’ ಎಂದು ಕಡತ ಮುಚ್ಚುತ್ತದೆ. ಆದರೆ ಒಮ್ಮೆ ಹಾಗೆ ಪೆಟ್ಟು ತಿಂದ ಮೂತ್ರಪಿಂಡ ವರ್ಷಗಳ ನಂತರ ಸವೆಯುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಬಸುರಿನಲ್ಲಿ ಬಿಪಿ ಏರಿ ಕೈಕಾಲು ಊದಿದ ಹೆಂಗಸರಿಗೂ ಈ ಮಾತು ಅನ್ವಯಿಸುತ್ತದೆ. ಹೆರಿಗೆಯಾದ ಮೇಲೆ ಅವರ ಬಿಪಿ ನೋಡುವವರೇ ಇರುವುದಿಲ್ಲ.

ತಾಯಿಯ ಗರ್ಭದವರೆಗೂ ಈ ದಾರಿ ಹಿಂದಕ್ಕೆ ಹೋಗುತ್ತದೆ. ಜಾಲರಿಗಳ ಸಂಖ್ಯೆ ಹುಟ್ಟುವ ಹೊತ್ತಿಗೇ ನಿರ್ಧಾರವಾಗಿರುತ್ತದೆ, ಕಡಿಮೆ ತೂಕದ ಮಗು ಕಡಿಮೆ ಜಾಲರಿಗಳೊಂದಿಗೆ ಹುಟ್ಟುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಜೋಪಾನವಾಗಿ ಇಟ್ಟಿದ್ದ ಹೆರಿಗೆ ದಾಖಲೆಗಳನ್ನು ಹಿಡಿದು, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದ್ರೋಗ ಹೆಚ್ಚೆಂದು 1996ರಲ್ಲಿ ತೋರಿಸಿದ ಅಧ್ಯಯನ ಜಗತ್ತಿನಲ್ಲೇ ಹೆಸರಾಯಿತು. ಅದೇ ತರ್ಕ ಮೂತ್ರಪಿಂಡಕ್ಕೂ ಸಲ್ಲುತ್ತದೆ. ಹಸಿದ ದಿನಗಳಲ್ಲಿ ಹುಟ್ಟಿ, ಉಣ್ಣಲು ಯಥೇಚ್ಛ ಸಿಗುವ ದಿನಗಳಲ್ಲಿ ನಡುವಯಸ್ಸಿಗೆ ಬಂದ ಪೀಳಿಗೆ ನಮ್ಮದು.

ಎಂಡೋಸಲ್ಫಾನ್ ಕೀಟನಾಶಕದ ಮಾತು ಇಲ್ಲಿ ಬರಲೇಬೇಕು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಸುತ್ತಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದದ್ದರ ಫಲ ಉಣ್ಣುತ್ತಿರುವ ಮನೆಗಳನ್ನು ನೋಡಿದವರು ಯಾವ ಕಾಯಿಲೆಗೂ ಅದನ್ನೇ ಕಾರಣ ಎನ್ನುವುದು ಸಹಜ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಆ ಮನೆಗಳಲ್ಲಿ ಎದ್ದು ಕಾಣುವುದು ನರಮಂಡಲದ, ಹುಟ್ಟಿನಿಂದ ಬಂದ ತೊಂದರೆಗಳು. ಮೂತ್ರಪಿಂಡದ ಕಾಯಿಲೆಯನ್ನೂ ಅದರ ತಲೆಗೇ ಕಟ್ಟುವಷ್ಟು ಆಧಾರವಿಲ್ಲ. ಆದರೆ ಕಾರಣ ಗೊತ್ತಾಗದ ಶೇ 16ರ ಗುಂಪು ನನ್ನನ್ನು ಕಾಡುತ್ತದೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಕೂಡ ನಮ್ಮ ಹಾಗೆ ಕಡಲ ಬದಿಯ, ತೆಂಗು ಗೇರಿನ ನಾಡು. ಅಲ್ಲಿ ಬಿಪಿ ಶುಗರ್ ಇಲ್ಲದ ರೈತರು, ಕೂಲಿಗಳು ಹಳ್ಳಿ ಹಳ್ಳಿಯಾಗಿ ಮೂತ್ರಪಿಂಡ ಕಳೆದುಕೊಂಡರು. 2023ರ ಡಿಸೆಂಬರಿನಲ್ಲಿ ಹತ್ತಿರದ ಪಲಾಸದಲ್ಲಿ ಅದಕ್ಕೆಂದೇ ಆಸ್ಪತ್ರೆ ಮತ್ತು ಸಂಶೋಧನಾ ಕೇಂದ್ರ ತೆರೆದಿದೆ. ಶ್ರೀಲಂಕಾದ ಭತ್ತದ ಸೀಮೆಯಲ್ಲಿ, ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ, ನಮ್ಮ ಪಕ್ಕದ ಗೋವಾದ ಕಾಣಕೋಣದಲ್ಲಿ ಇದೇ ಕಥೆ. ಬಿಸಿಲಿನ ದುಡಿತ, ನೀರಿನ ಕೊರತೆ, ನೋವಿನ ಮಾತ್ರೆ, ಕೃಷಿ ವಿಷ, ಕುಡಿಯುವ ನೀರಿನ ಲೋಹ ಎಂದು ಶಂಕಿತರ ಪಟ್ಟಿ ಉದ್ದವಿದೆ, ತೀರ್ಪು ಬಂದಿಲ್ಲ. ಎಲ್ ಸಾಲ್ವಡಾರ್ ಮತ್ತು ನಿಕರಾಗುವಾದ ಕಬ್ಬು ಕಡಿಯುವವರಿಗೆ ಗಂಟೆಗಂಟೆಗೆ ನೆರಳು, ನೀರು, ವಿರಾಮ ಕೊಡುವ ಪ್ರಯೋಗ ಮಾಡಿದಲ್ಲಿ ಹಾನಿ ಇಳಿದದ್ದು ಕಂಡಿದೆ. ಮೇ ತಿಂಗಳ ನಮ್ಮ ಕೆಂಪುಕಲ್ಲಿನ ಕೋರೆಗೆ ಇಷ್ಟನ್ನು ತರಲು ತೀರ್ಪಿಗೆ ಕಾಯಬೇಕಿಲ್ಲ.

ಮೂತ್ರಪಿಂಡ ಪೂರ್ತಿ ಸೋತವರು ಬರುವ ಡಯಾಲಿಸಿಸ್ ವಾರ್ಡಿನಲ್ಲಿ ಒಂದು ಬೆಳಿಗ್ಗೆ ಕೂತಿದ್ದೆ. ಪರಿಚಯದ ಒಬ್ಬರು ಕೈ ಚಾಚಿ ‘ಇಲ್ಲಿ ಬೆರಳಿಟ್ಟು ನೋಡಿ’ ಎಂದರು. ಮಣಿಕಟ್ಟಿನ ಮೇಲೆ ಅಪಧಮನಿಗೆ ಸಿರೆ ಹೊಲಿದು ಕೂಡಿಸಿದ ಜಾಗ. ಚರ್ಮದಡಿ ಜೇನುಗೂಡಿನಂತೆ ಗುಂಯ್ಯೆನ್ನುವುದು ಬೆರಳಿಗೆ ತಾಗಿತು. ‘ರಾತ್ರಿ ಎಚ್ಚರವಾದರೆ ಮೊದಲು ಇದನ್ನೇ ಮುಟ್ಟಿ ನೋಡುವುದು. ಇದು ನಿಂತರೆ ನನ್ನ ದಾರಿ ನಿಂತಂತೆ.’ ನಾಲ್ಕು ಗಂಟೆಯ ಸರದಿ, ವಾರಕ್ಕೆ ಮೂರು ಸಲ ಆಗಬೇಕಾದದ್ದು ನಮ್ಮಲ್ಲಿ ಎಷ್ಟೋ ಜನರಿಗೆ ಎರಡೇ ಸಲ. ಕೇಂದ್ರ ಸರ್ಕಾರ 2016ರಲ್ಲಿ ಡಯಾಲಿಸಿಸ್ ಯೋಜನೆ ಸಾರುವಾಗಲೇ ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು ಈ ಹಂತಕ್ಕೆ ಬರುತ್ತಾರೆಂದು ಅಂದಾಜಿಸಿತ್ತು. ತಾಲೂಕು ಆಸ್ಪತ್ರೆಗಳಿಗೆ ಯಂತ್ರ ಬಂದದ್ದು ದೊಡ್ಡ ಉಪಕಾರ. ಮೊದಲು ಇದಕ್ಕಾಗಿ ಬೆಳಿಗ್ಗೆಯ ಮೊದಲ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತಿದ್ದರು, ಬರುವಾಗ ಬಸ್ಸಿನಲ್ಲೇ ತಲೆ ಸುತ್ತಿ ಬೀಳುತ್ತಿದ್ದರು. ಆದರೆ ಯಂತ್ರಗಳನ್ನು ಎಣಿಸುವಷ್ಟು ಉತ್ಸಾಹದಿಂದ ನಾವು ಮೂತ್ರದ ಪಟ್ಟಿಗಳನ್ನು ಎಣಿಸುತ್ತಿಲ್ಲ.

ಕಾಯಿಲೆ ಬೇಗ ಸಿಕ್ಕಿದರೆ ಈಗ ಮಾಡುವುದಕ್ಕೆ ಬಹಳ ಇದೆ. ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂಥ ಮಾತ್ರೆ ಬಿಪಿ ಇಳಿಸುವುದರ ಜೊತೆಗೆ ಪ್ರೋಟೀನ್ ಸೋರುವುದನ್ನೂ ಕಡಿಮೆ ಮಾಡುತ್ತದೆ. ಡಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ಶುಗರ್ ಇಲ್ಲದವರಲ್ಲೂ ಮೂತ್ರಪಿಂಡ ಕೆಡುವ ವೇಗವನ್ನು ತಗ್ಗಿಸುತ್ತದೆಂದು 2020ರಲ್ಲಿ ದೊಡ್ಡ ಪ್ರಯೋಗವೊಂದು ತೋರಿಸಿತು. ಅದೇ ವರ್ಷ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಇಳಿಯಿತು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಮೂತ್ರಪಿಂಡದ ಆರೋಗ್ಯದ ಬಗ್ಗೆ ನಿರ್ಣಯ ಕೈಗೊಂಡಿತು. ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡಲು ಕಾರ್ಯಕರ್ತರು ಮನೆ ಬಾಗಿಲಿಗೇ ಬರುತ್ತಾರೆ. ಬಿಪಿ ಅಥವಾ ಶುಗರ್ ಇದೆಯೆಂದು ಗೊತ್ತಾದ ಪ್ರತಿಯೊಬ್ಬರಿಗೂ ಅದೇ ಚೀಲದಿಂದ ಮೂತ್ರದ ಪಟ್ಟಿಯೊಂದು ಹೊರಬರಬೇಕು, ಸೋಸುವ ವೇಗ ಲೆಕ್ಕ ಹಾಕಲು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು.

ಕ್ರಿಯಾಟಿನಿನ್ ಓದುವಾಗಲೂ ಎಚ್ಚರ ಬೇಕು. ಶಿಬಿರದ ಮರುವಾರ ದೊಡ್ಡಮ್ಮನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ರಿಪೋರ್ಟಿನಲ್ಲಿ 1.2 ಎಂದಿತ್ತು, ಪಕ್ಕದಲ್ಲಿ ‘1.2ರವರೆಗೆ ಸಹಜ’ ಎಂಬ ಅಚ್ಚು. ‘ನಾರ್ಮಲ್ ಉಂಟಲ್ಲ’ ಎಂದು ಕೌಂಟರಿನವರು ಮಡಚಿ ಕೊಟ್ಟರು. ಅದೇ 1.2 ಇಪ್ಪತ್ತೆಂಟರ ಗಟ್ಟಿಮುಟ್ಟಾದ ಹುಡುಗನದ್ದಾದರೆ ಸೋಸುವ ವೇಗ 84ರ ಹತ್ತಿರ, ನಿಶ್ಚಿಂತೆಯಿಂದ ಇರಬಹುದು. ಐವತ್ತೆಂಟರ ಹೆಂಗಸಿನಲ್ಲಿ ಸ್ನಾಯು ಕಡಿಮೆ, ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಅವರಲ್ಲಿ 1.2 ಎಂದರೆ ವೇಗ 52. ಅರವತ್ತರ ಗೆರೆಯ ಕೆಳಗೆ. ಡಾಕ್ಟರು ಮಾತ್ರ ಅದನ್ನು ಲೆಕ್ಕ ಹಾಕಿ ನೋಡಿದರು, ನೋವಿನ ಮಾತ್ರೆ ಬಿಡಿಸಿದರು, ಬಿಪಿ ಮಾತ್ರೆ ಬದಲಿಸಿ ದಿನವೂ ತೆಗೆದುಕೊಳ್ಳಲು ಹೇಳಿದರು. ‘ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ, ಆಮೇಲೆ ಹೆಸರಿಡೋಣ’ ಎಂದರು.

ಬೆನ್ನಿಗೆ ಬಿಸಿನೀರಿನ ಶಾಖ, ನೋವು ತೀರ ಹೆಚ್ಚಾದರೆ ಪ್ಯಾರಸಿಟಮಾಲ್. ಮೊರದ ಬಳಿ ಒಂದು ತಂಬಿಗೆ ನೀರು. ಗಂಜಿಯ ಉಪ್ಪಿನಕಾಯಿ ಒಂದು ಮಿಡಿಯಿಂದ ಅರ್ಧ ಮಿಡಿಗೆ ಬಂತು, ಅದಕ್ಕೆ ದೊಡ್ಡಮ್ಮನಿಗೆ ಇವತ್ತಿಗೂ ಬೇಸರವಿದೆ. ಮೂರು ತಿಂಗಳು ಕಳೆದು, ಆಟಿಯಲ್ಲಿ ಜಡಿಮಳೆಯ ನಡುವೆ ಮತ್ತೆ ಹೋದೆವು. ಪಟ್ಟಿ ಈ ಸಲವೂ ಹಸಿರಾಯಿತು, ಆದರೆ ತಿಳಿಹಸಿರು, ಒಂದೇ ಪ್ಲಸ್. ಸೋಸುವ ವೇಗ 54. ಡಾಕ್ಟರು ಚೀಟಿಯ ಮೇಲೆ ಕಾಯಿಲೆಯ ಹೆಸರು, ಅದರ ಮುಂದೆ ಮೂರನೇ ಹಂತ ಎಂದು ಬರೆದರು. ಮನೆಗೆ ಬಂದು ದೊಡ್ಡಮ್ಮ ಎರಡೂ ರಿಪೋರ್ಟುಗಳನ್ನು ಬೀಡಿಯ ಪಾಸ್‌ಬುಕ್ಕಿನೊಳಗಿಟ್ಟರು. ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ, ‘ಇನ್ನು ಬೊಂತೆಲ್‌ನಲ್ಲಿ ಅಲ್ಲವಾ?’ ಎಂದು ಕೇಳಿ ಒಂದು ತಾರೀಕಿಗೆ ಸುತ್ತು ಹಾಕಿದರು.